ಲೆವೆಲ್ ಒಂದೇ ಸಾಲದು: ಹೊಸಬರಿಗೆ ಪೋಕೆಮಾನ್ ಬೆಳೆಸುವ ದಾರಿ

ಪೋಕೆಮಾನ್ ವಿಡಿಯೋ ಗೇಮ್‌ನಲ್ಲಿ ನಿಮ್ಮ ಬಳಿ ಗ್ಯಾರಡೋಸ್ ಅನ್ನುವ ಜಾತಿಯ, ಲೆವೆಲ್ 50ರ ಎರಡು ಪೋಕೆಮಾನ್ ಇವೆ ಅಂದುಕೊಳ್ಳಿ. ಒಂದರ ಅಟ್ಯಾಕ್, ಅಂದರೆ ಹೊಡೆಯುವ ಶಕ್ತಿ, 194. ಇನ್ನೊಂದರದ್ದು 130. ಎರಡೂ ಒಂದೇ ಜಾತಿ, ಲೆವೆಲ್ ಒಂದೇ, ಹುಟ್ಟಿನಿಂದ ಬಂದ ಅಂಕಗಳೂ ಒಂದೇ. ಹಾಗಿದ್ದರೂ ಇಷ್ಟು ಅಂತರ. ಮೊದಲನೆಯದು ಒಂದೇ ಏಟಿಗೆ ಮಲಗಿಸುವ ಎದುರಾಳಿಗೆ ಎರಡನೆಯದು ಎರಡು ಏಟು ಹಾಕಬೇಕಾಗುತ್ತದೆ. ಆ ನಡುವೆ ಎದುರಾಳಿಗೂ ಒಂದು ಸರದಿ ಸಿಗುತ್ತದೆ. ಎಷ್ಟೋ ಬ್ಯಾಟಲ್ ಆ ಒಂದು ಸರದಿಯಲ್ಲೇ ಕೈ ತಪ್ಪುತ್ತದೆ.

ಹೊಸದಾಗಿ ಆಡುವವರಲ್ಲಿ ಹೆಚ್ಚಿನವರು ಲೆವೆಲ್ ಏರಿಸುವುದನ್ನೇ ಬೆಳೆಸುವುದು ಅಂದುಕೊಳ್ಳುತ್ತಾರೆ. ಕಥೆ ಮುಗಿಸಲು ಅಷ್ಟು ಸಾಕು ಕೂಡ. ಆದರೆ ಈ ಆಟದ ನಿಜವಾದ ಖುಷಿ ಇರುವುದು ಒಂದು ಪೋಕೆಮಾನ್‌ಗೆ ಕೆಲಸವೊಂದನ್ನು ಗೊತ್ತು ಮಾಡಿ, ಆ ಕೆಲಸಕ್ಕೆ ತಕ್ಕಂತೆ ಅದನ್ನು ತಯಾರು ಮಾಡುವುದರಲ್ಲಿ. ಯಾವ ಮೂವ್ (ಬ್ಯಾಟಲ್‌ನಲ್ಲಿ ಹಾಕುವ ಪಟ್ಟು) ಕಲಿಸಬೇಕು, ಯಾವ ನೇಚರ್ (ಸ್ವಭಾವ) ಬೇಕು, ಯಾವ ಐಟಂ ಹಿಡಿಸಬೇಕು ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಆ ಕೆಲಸ ಏನು ಅಂತ ಗೊತ್ತಾದ ಮೇಲೆ. ಈ ಲೇಖನ ಅದೇ ಕ್ರಮದಲ್ಲಿ ಹೋಗುತ್ತದೆ. ಉದಾಹರಣೆಗಳು 2022ರಲ್ಲಿ ಬಂದ ಪೋಕೆಮಾನ್ ಸ್ಕಾರ್ಲೆಟ್ ಮತ್ತು ವೈಲೆಟ್ ಆಟದವು. ಬೇರೆ ಪೋಕೆಮಾನ್ ಆಟ ಆಡುತ್ತಿದ್ದರೂ ಲೆಕ್ಕಾಚಾರದ ಬಹುಪಾಲು ನಿಮಗೂ ಹೊಂದುತ್ತದೆ.

ಮೊದಲ ಹೆಜ್ಜೆ: ಆರನ್ನು ಆರಿಸಿ

1996ರಲ್ಲಿ ಜಪಾನ್‌ನಲ್ಲಿ ಬಂದ ಮೊದಲ ಆಟಗಳಲ್ಲಿ 151 ಪೋಕೆಮಾನ್ ಇದ್ದವು. ಈಗ ಆ ಸಂಖ್ಯೆ 1000 ದಾಟಿದೆ. ಪಾರ್ಟಿಯಲ್ಲಿ, ಅಂದರೆ ಜೊತೆಗೆ ಒಯ್ಯುವ ತಂಡದಲ್ಲಿ, ಜಾಗ ಮಾತ್ರ ಅಂದಿಗೂ ಇಂದಿಗೂ ಆರಕ್ಕೇ. ಕಂಡದ್ದನ್ನೆಲ್ಲ ಹಿಡಿಯಿರಿ, ಅದರಲ್ಲಿ ತಪ್ಪೇನಿಲ್ಲ. ಹೊಸದೊಂದನ್ನು ಹಿಡಿದರೂ ನಿಮ್ಮ ಪಾರ್ಟಿಗೆ ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಸಿಗುತ್ತದೆ. ಆದರೆ ಬೆಳೆಸಲು ಆರನ್ನು ಮಾತ್ರ ಇಟ್ಟುಕೊಳ್ಳಿ. ಮೊದಲ ಎರಡು ಮೂರು ಬ್ಯಾಡ್ಜ್ (ಜಿಮ್ ಅನ್ನುವ ಸವಾಲಿನ ತಾಣಗಳ ನಾಯಕರನ್ನು ಗೆದ್ದಾಗ ಸಿಗುವ ಪದಕ) ಸಿಗುವ ತನಕ ಬೇಕಾದಂತೆ ಬದಲಾಯಿಸುತ್ತಾ ನೋಡಿ. ಆಮೇಲೆ ತಂಡವನ್ನು ಗಟ್ಟಿ ಮಾಡಿ.

ಆರಿಸುವಾಗ ಟೈಪ್ ನೋಡಬೇಕು. ಒಟ್ಟು 18 ಟೈಪ್‌ಗಳಿವೆ. ಫೈರ್ ಮೇಲೆ ವಾಟರ್ ಮೂವ್ ಹಾಕಿದರೆ ಏಟು ಎರಡು ಪಟ್ಟು. ಎದುರಾಳಿಗೆ ಎರಡು ಟೈಪ್ ಇದ್ದು, ಎರಡಕ್ಕೂ ನಿಮ್ಮ ಮೂವ್ ಆಗಿಬರದಿದ್ದರೆ ನಾಲ್ಕು ಪಟ್ಟು. ಗ್ಯಾರಡೋಸ್ ವಾಟರ್ ಮತ್ತು ಫ್ಲೈಯಿಂಗ್, ಹಾಗಾಗಿ ಎಲೆಕ್ಟ್ರಿಕ್ ಮೂವ್ ಬಿದ್ದರೆ ನಾಲ್ಕು ಪಟ್ಟು ನೋವು. ಕೆಲವು ಕಡೆ ಏಟು ತಾಗುವುದೇ ಇಲ್ಲ: ಗ್ರೌಂಡ್ ಟೈಪ್‌ಗೆ ಎಲೆಕ್ಟ್ರಿಕ್ ತಾಗುವುದಿಲ್ಲ, ಫ್ಲೈಯಿಂಗ್‌ಗೆ ಗ್ರೌಂಡ್ ತಾಗುವುದಿಲ್ಲ, ಫೇರಿಗೆ ಡ್ರಾಗನ್ ತಾಗುವುದಿಲ್ಲ.

18 ಟೈಪ್‌ಗಳ ಕೋಷ್ಟಕವನ್ನು ಬಾಯಿಪಾಠ ಮಾಡಲು ಕೂರಬೇಡಿ. ಆಡುತ್ತಾ ಆಡುತ್ತಾ ಅದು ತಾನಾಗಿಯೇ ಬರುತ್ತದೆ. ಬದಲಿಗೆ ಒಂದು ಕಾಗದ ತೆಗೆದುಕೊಂಡು ನಿಮ್ಮ ಆರರ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಅದಕ್ಕೆ ಆಗಿಬರದ ಟೈಪ್‌ಗಳನ್ನು ಬರೆಯಿರಿ. ಒಂದೇ ಟೈಪ್ ಮೂರು ಕಡೆ ಕಂಡರೆ ಆ ಮೂರರಲ್ಲಿ ಒಂದನ್ನು ಬದಲಾಯಿಸಿ. ಐದು ನಿಮಿಷದ ಕೆಲಸ, ಆದರೆ ಮುಂದೆ ಎಷ್ಟೋ ಸೋಲು ತಪ್ಪಿಸುತ್ತದೆ.

ಆಟದ ಶುರುವಿನಲ್ಲಿ ಕೊಡುವ ಮೂರರಲ್ಲಿ ಯಾವುದನ್ನು ಆರಿಸಬೇಕು ಅಂತ ತುಂಬಾ ಜನ ಕೇಳುತ್ತಾರೆ. ಸ್ಪ್ರಿಗಟೀಟೊ, ಫ್ಯೂಕೋಕೊ, ಕ್ವಾಕ್ಸ್‌ಲಿ ಮೂರೂ ಒಳ್ಳೆಯವೇ. ಮೂರೂ ಲೆವೆಲ್ 16ಕ್ಕೆ ಮತ್ತು 36ಕ್ಕೆ ಎವಾಲ್ವ್ ಆಗುತ್ತವೆ, ಅಂದರೆ ಮುಂದಿನ ರೂಪಕ್ಕೆ ಬದಲಾಗುತ್ತವೆ. ಆದರೆ ಇದೇ ನಿಮ್ಮ ಮೊದಲ ಪೋಕೆಮಾನ್ ಆಟವಾದರೆ ನಾನು ಫ್ಯೂಕೋಕೊ ತೆಗೆದುಕೊಳ್ಳಿ ಅನ್ನುತ್ತೇನೆ. ಅದು ಫೈರ್ ಟೈಪ್. ಮೊದಲಿಗೆ ಎದುರಾಗುವ ಕೇಟಿಯ ಬಗ್ ಜಿಮ್, ಬ್ರಾಸಿಯಸ್‌ನ ಗ್ರಾಸ್ ಜಿಮ್ ಎರಡರಲ್ಲೂ ಅದರ ಕೈ ಮೇಲು. ಆಮೇಲೆ ಐಯೋನೊಳ ಎಲೆಕ್ಟ್ರಿಕ್ ಜಿಮ್ ಬರುತ್ತದೆ. ಎಲೆಕ್ಟ್ರಿಕ್‌ಗೆ ಗ್ರೌಂಡ್ ಎರಡು ಪಟ್ಟು ತಾಗುತ್ತದೆ, ಗ್ರೌಂಡ್ ಮೂವ್ ಇದ್ದರೆ ಗೆದ್ದ ಹಾಗೇ ಅಂದುಕೊಂಡು ಹೋದವರಿಗೆ ಅಲ್ಲೊಂದು ಪಾಠ ಕಾದಿರುತ್ತದೆ. ಅವಳ ಕೊನೆಯ ಪೋಕೆಮಾನ್ ಮಿಸ್‌ಮೇಜಿಯಸ್. ಅದರ ಎಬಿಲಿಟಿ, ಅಂದರೆ ತಾನಾಗಿಯೇ ಕೆಲಸ ಮಾಡುವ ವಿಶೇಷ ಗುಣ, ಲೆವಿಟೇಟ್. ನೆಲದಿಂದ ಮೇಲೆ ತೇಲುವ ಅದಕ್ಕೆ ಗ್ರೌಂಡ್ ಮೂವ್ ತಾಗುವುದೇ ಇಲ್ಲ. ಟೈಪ್ ಜೊತೆಗೆ ಎಬಿಲಿಟಿಯನ್ನೂ ಓದುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.

ಎರಡನೇ ಹೆಜ್ಜೆ: ಕೆಲಸ ಗೊತ್ತು ಮಾಡಿ

ಪ್ರತಿ ಪೋಕೆಮಾನ್‌ಗೂ ಆರು ಸ್ಟ್ಯಾಟ್‌ಗಳಿವೆ, ಅಂದರೆ ಅದರ ಬಲ ಹೇಳುವ ಅಂಕಗಳು: ಎಚ್‌ಪಿ (ಜೀವಬಲ), ಅಟ್ಯಾಕ್, ಡಿಫೆನ್ಸ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್. ಪ್ರತಿ ಜಾತಿಗೂ ಇವುಗಳ ಮೂಲ ಅಂಕ ಬೇರೆ ಬೇರೆ. ಅದನ್ನು ಬೇಸ್ ಸ್ಟ್ಯಾಟ್ ಅನ್ನುತ್ತಾರೆ. ಗ್ಯಾರಡೋಸ್‌ನ ಬೇಸ್ ಅಟ್ಯಾಕ್ 125, ಸ್ಪೆಷಲ್ ಅಟ್ಯಾಕ್ ಬರೀ 60. ಗೆಂಗಾರ್‌ಗೆ ಇದು ತಿರುಗಾಮುರುಗಾ: ಅಟ್ಯಾಕ್ 65, ಸ್ಪೆಷಲ್ ಅಟ್ಯಾಕ್ 130, ಸ್ಪೀಡ್ 110. ಬ್ಲಿಸ್ಸಿಯ ಎಚ್‌ಪಿ 255, ಡಿಫೆನ್ಸ್ ಕೇವಲ 10.

ಈ ಅಂಕಗಳೇ ಕೆಲಸ ಹೇಳಿಬಿಡುತ್ತವೆ. ಗ್ಯಾರಡೋಸ್ ಮೈಗೆ ಮೈ ತಾಗಿಸಿ ಹೊಡೆಯುವ ಜಾತಿ. ಗೆಂಗಾರ್ ಮೊದಲು ನುಗ್ಗಿ, ದೂರದಿಂದ ಜೋರಾಗಿ ಹೊಡೆದು ಮುಗಿಸುವ ಜಾತಿ. ಏಟು ತಿನ್ನಲು ಅದರಿಂದಾಗುವುದಿಲ್ಲ. ಬ್ಲಿಸ್ಸಿ ಸ್ಪೆಷಲ್ ಏಟುಗಳನ್ನು ತಡೆದುಕೊಂಡು ನಿಲ್ಲುವ ಗೋಡೆ. ಪ್ರತಿ ಪೋಕೆಮಾನ್ ಬಗ್ಗೆ ಒಂದೇ ವಾಕ್ಯ ಬರೆದುಕೊಳ್ಳಿ: "ಇದು ಬೇಗ ಹೊಡೆಯಲು", "ಇದು ಏಟು ತಡೆಯಲು", "ಇದು ಎದುರಾಳಿಯನ್ನು ನಿಧಾನ ಮಾಡಲು". ಆ ವಾಕ್ಯ ಬರೆಯಲು ಆಗದಿದ್ದರೆ ಆ ಪೋಕೆಮಾನ್‌ಗೆ ನಿಮ್ಮ ತಂಡದಲ್ಲಿ ಇನ್ನೂ ಕೆಲಸ ಇಲ್ಲ ಅಂತ ಅರ್ಥ.

ಆರೂ ಹೊಡೆಯುವವೇ ಆದರೆ? ಕಥೆಯಲ್ಲಿ ಪರವಾಗಿಲ್ಲ. ಗೆಳೆಯರ ಜೊತೆ ಆಡುವಾಗ ಕಷ್ಟ. ಏಟು ತಡೆಯುವುದು ಒಂದಾದರೂ ಇರಲಿ.

ಲೆವೆಲ್ ಏರಿಸುವುದು ಈಗ ಸುಲಭ

ಹಳೆಯ ಆಟಗಳಲ್ಲಿ ಬಡಕಲು ಪೋಕೆಮಾನ್ ಒಂದನ್ನು ಮುಂದೆ ಬಿಟ್ಟು, ತಕ್ಷಣ ಬದಲಾಯಿಸಿ, ಹಾಗೆ ಎಕ್ಸ್‌ಪಿ ತಿನ್ನಿಸಬೇಕಿತ್ತು. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಪಾರ್ಟಿಯಲ್ಲಿರುವ ಎಲ್ಲಕ್ಕೂ ಎಕ್ಸ್‌ಪಿ ಸಿಗುತ್ತದೆ, ಬ್ಯಾಟಲ್‌ಗೆ ಇಳಿಯದಿದ್ದರೂ. ಎದುರಾಳಿಗಿಂತ ಲೆವೆಲ್ ಕಡಿಮೆ ಇದ್ದರೆ ಎಕ್ಸ್‌ಪಿ ಜಾಸ್ತಿ. ಹಾಗಾಗಿ ಹಿಂದೆ ಉಳಿದದ್ದು ಬೇಗ ಬಂದು ಸೇರಿಕೊಳ್ಳುತ್ತದೆ. ಒಂದೇ ಹುಲ್ಲುಗಾವಲಿನಲ್ಲಿ ಗಂಟೆಗಟ್ಟಲೆ ಗ್ರೈಂಡ್ ಮಾಡಬೇಡಿ. ಮುಂದಿನ ಊರಿಗೆ ಹೋಗಿ, ದಾರಿಯಲ್ಲಿ ಸಿಗುವ ಟ್ರೇನರ್‌ಗಳ ಜೊತೆ ಬ್ಯಾಟಲ್ ಮಾಡಿ.

ಟೆರಾ ರೇಡ್‌ಗಳಲ್ಲಿ (ಹಲವರು ಸೇರಿ ಒಂದು ಬಲಿಷ್ಠ ಪೋಕೆಮಾನನ್ನು ಸೋಲಿಸುವ ಬ್ಯಾಟಲ್) ಎಕ್ಸ್‌ಪಿ ಕ್ಯಾಂಡಿ ಸಿಗುತ್ತದೆ. ಅತಿ ಚಿಕ್ಕ ಎಕ್ಸ್‌ಎಸ್ ಕ್ಯಾಂಡಿ 100 ಎಕ್ಸ್‌ಪಿ ಕೊಡುತ್ತದೆ, ಅತಿ ದೊಡ್ಡ ಎಕ್ಸ್‌ಎಲ್ 30,000 ಕೊಡುತ್ತದೆ. ಕಥೆ ನಡೆಯುವಾಗ ಇವನ್ನು ಖರ್ಚು ಮಾಡಬೇಡಿ. ಯಾಕೆ ಅಂತ ಈವಿ (ತರಬೇತಿ ಅಂಕ) ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಒಂದು ಎಚ್ಚರಿಕೆ. ಈ ಆಟದಲ್ಲಿ ಜಿಮ್‌ಗಳಿಗೆ ಯಾವ ಕ್ರಮದಲ್ಲಾದರೂ ಹೋಗಬಹುದು, ಆದರೆ ಅವುಗಳ ಲೆವೆಲ್ ನಿಮಗೆ ತಕ್ಕಂತೆ ಬದಲಾಗುವುದಿಲ್ಲ. ಕೇಟಿಯ ಕೊನೆಯ ಪೋಕೆಮಾನ್ ಲೆವೆಲ್ 15. ಹಿಮದ ಬೆಟ್ಟದ ಮೇಲಿರುವ ಗ್ರೂಷಾನದ್ದು 48. ಕಾಡಿನ ಪೋಕೆಮಾನ್‌ಗಳೂ ಹಾಗೆಯೇ. ಶುರುವಿನಲ್ಲೇ ದೂರ ಹೋಗಿ ಲೆವೆಲ್ 40ರದ್ದೊಂದನ್ನು ಹಿಡಿದುಕೊಂಡು ಬಂದರೆ ಆಟ ಸುಲಭವಾಗುತ್ತದೆ ಅನ್ನಿಸಬಹುದು. ಆದರೆ ಅದು ನಿಮ್ಮ ಮಾತು ಕೇಳುವುದಿಲ್ಲ. ಬ್ಯಾಡ್ಜ್ ಇಲ್ಲದಿದ್ದರೆ ಲೆವೆಲ್ 20ರ ಒಳಗೆ ಹಿಡಿದವು ಮಾತ್ರ ಮಾತು ಕೇಳುತ್ತವೆ. ಒಂದೊಂದು ಬ್ಯಾಡ್ಜ್‌ಗೂ ಈ ಮಿತಿ 5 ಏರುತ್ತದೆ. ಎಂಟೂ ಸಿಕ್ಕ ಮೇಲೆ ಎಲ್ಲವೂ ಕೇಳುತ್ತವೆ.

ಎವಾಲ್ವ್ ಆಗುವ ತನಕ ಕಾಯುವುದು

ಮ್ಯಾಜಿಕಾರ್ಪ್ ನೋಡಿದರೆ ಯಾರಿಗೂ ಬೆಳೆಸುವ ಮನಸ್ಸು ಬರುವುದಿಲ್ಲ. ಅದರ ಸ್ಪ್ಲಾಶ್ ಮೂವ್‌ನಿಂದ ಏನೂ ಆಗುವುದಿಲ್ಲ. ಟ್ಯಾಕಲ್ ಕಲಿಯುವುದೇ ಲೆವೆಲ್ 15ಕ್ಕೆ. ಆದರೆ ಲೆವೆಲ್ 20ಕ್ಕೆ ಅದು ಗ್ಯಾರಡೋಸ್ ಆಗುತ್ತದೆ, ಮತ್ತು ಆ ಹೊತ್ತಿಗೆ ನಿಮ್ಮ ತಂಡದಲ್ಲಿ ಅದರಷ್ಟು ಗಟ್ಟಿ ಇನ್ನೊಂದು ಇರುವುದಿಲ್ಲ. ಎಕ್ಸ್‌ಪಿ ಎಲ್ಲಕ್ಕೂ ಹಂಚಿಕೆಯಾಗುವುದರಿಂದ ಅದನ್ನು ಸುಮ್ನೆ ಪಾರ್ಟಿಯಲ್ಲಿ ಇಟ್ಟುಕೊಂಡರೆ ಸಾಕು.

ಎಲ್ಲವೂ ಇಷ್ಟು ಬೇಗ ಬೆಳೆಯುವುದಿಲ್ಲ. ಡ್ರಾಟೀನಿ 30ಕ್ಕೆ ಡ್ರಾಗನೇರ್ ಆಗಿ, 55ಕ್ಕೆ ಡ್ರಾಗನೈಟ್ ಆಗುತ್ತದೆ. ಡೈನೊ ಮೊದಲ ಸಲ ಎವಾಲ್ವ್ ಆಗುವುದೇ 50ಕ್ಕೆ, ಆಮೇಲೆ ಹೈಡ್ರೈಗಾನ್ ಆಗಲು 64. ಇಂಥ ನಿಧಾನದವುಗಳಿಗೆ ಪಾರ್ಟಿಯಲ್ಲಿ ಒಂದೇ ಜಾಗ ಕೊಡಿ. ಎರಡು ಮೂರು ಇಟ್ಟುಕೊಂಡರೆ ನಡುವಿನ ಜಿಮ್‌ಗಳಲ್ಲಿ ಒದ್ದಾಡಬೇಕಾಗುತ್ತದೆ. ಉಳಿದ ಜಾಗಕ್ಕೆ ಫ್ಲೆಚ್‌ಲಿಂಗ್‌ನಂಥ ಬೇಗ ಬೆಳೆಯುವವು ಇರಲಿ. ಅದು 17ಕ್ಕೆ ಒಮ್ಮೆ, 35ಕ್ಕೆ ಒಮ್ಮೆ ಎವಾಲ್ವ್ ಆಗಿ ಬೆಳೆದು ಮುಗಿಯುತ್ತದೆ. ಮೊಟ್ಟೆ ಒಡೆಸುವ ಕಾಲಕ್ಕೆ ಇದೇ ಹಕ್ಕಿ ಮತ್ತೆ ಕೆಲಸಕ್ಕೆ ಬರುತ್ತದೆ.

ಕೆಲವಕ್ಕೆ ಲೆವೆಲ್ ಲೆಕ್ಕಕ್ಕಿಲ್ಲ. ರಿಯೋಲು ನಿಮ್ಮ ಮೇಲೆ ಪ್ರೀತಿ ಬೆಳೆಸಿಕೊಂಡು, ಹಗಲು ಹೊತ್ತು ಲೆವೆಲ್ ಏರಿದಾಗ ಲೂಕಾರಿಯೊ ಆಗುತ್ತದೆ. ಪಾಮೋವನ್ನು ಹೊರಗೆ ಬಿಟ್ಟು 1000 ಹೆಜ್ಜೆ ಜೊತೆಯಲ್ಲಿ ನಡೆಸಿ, ಆಮೇಲೆ ಲೆವೆಲ್ ಏರಿಸಬೇಕು. ಗ್ಯಾಸ್ಟ್‌ಲಿ 25ಕ್ಕೆ ಹಾಂಟರ್ ಆಗುತ್ತದೆ, ಆದರೆ ಗೆಂಗಾರ್ ಆಗಬೇಕಾದರೆ ಇನ್ನೊಬ್ಬರಿಗೆ ಟ್ರೇಡ್ ಮಾಡಬೇಕು. ನಂಬಿಕಸ್ತ ಗೆಳೆಯರಿಗೆ ಕಳಿಸಿ ವಾಪಸ್ ತೆಗೆದುಕೊಳ್ಳಿ. ಎವಾಲ್ವ್ ಆಗುವಾಗ ಬೇಡ ಅನ್ನಿಸಿದರೆ ಬಿ ಒತ್ತಿದರೆ ನಿಲ್ಲುತ್ತದೆ.

ನಾಲ್ಕು ಮೂವ್, ನಾಲ್ಕೇ

ಇಲ್ಲಿಂದ ವಿಷಯ ಸ್ವಲ್ಪ ಆಳಕ್ಕೆ ಹೋಗುತ್ತದೆ. ಒಂದು ಪೋಕೆಮಾನ್‌ಗೆ ನಾಲ್ಕು ಮೂವ್ ಮಾತ್ರ. ಹೊಸಬರು ನಾಲ್ಕಕ್ಕೂ ಅತಿ ಹೆಚ್ಚು ಪವರ್ ಇರುವ ಮೂವ್‌ಗಳನ್ನೇ ತುಂಬುತ್ತಾರೆ. ಪವರ್ ನೋಡುವ ಮೊದಲು ಮೂರು ವಿಷಯ ನೋಡಿ.

ಮೊದಲನೆಯದು, ಆ ಮೂವ್ ಫಿಸಿಕಲ್ಲೋ ಸ್ಪೆಷಲ್ಲೋ. ಫಿಸಿಕಲ್ ಮೂವ್‌ಗೆ ಅಟ್ಯಾಕ್ ಲೆಕ್ಕ, ಸ್ಪೆಷಲ್ ಮೂವ್‌ಗೆ ಸ್ಪೆಷಲ್ ಅಟ್ಯಾಕ್ ಲೆಕ್ಕ. ಹೈಡ್ರೋ ಪಂಪ್‌ನ ಪವರ್ 110, ವಾಟರ್‌ಫಾಲ್‌ನದ್ದು 80. ಗ್ಯಾರಡೋಸ್‌ಗೆ ಯಾವುದು ಒಳ್ಳೆಯದು? ವಾಟರ್‌ಫಾಲ್. ಹೈಡ್ರೋ ಪಂಪ್ ಸ್ಪೆಷಲ್ ಮೂವ್, ಗ್ಯಾರಡೋಸ್‌ನ ಸ್ಪೆಷಲ್ ಅಟ್ಯಾಕ್ ಅರ್ಧಕ್ಕಿಂತಲೂ ಕಡಿಮೆ. ಮೂವ್‌ನ ವಿವರದಲ್ಲಿ ಇರುವ ಚಿಕ್ಕ ಗುರುತು ಇದನ್ನು ಹೇಳುತ್ತದೆ. ಪವರ್‌ಗಿಂತ ಮೊದಲು ಕಣ್ಣು ಆ ಗುರುತಿನ ಮೇಲೆ ಹೋಗಲಿ.

ಎರಡನೆಯದು, ಟೈಪ್ ಹೊಂದಾಣಿಕೆ. ಪೋಕೆಮಾನ್‌ನ ಟೈಪ್ ಮತ್ತು ಮೂವ್‌ನ ಟೈಪ್ ಒಂದೇ ಆದರೆ ಪವರ್ ಒಂದೂವರೆ ಪಟ್ಟು. ಆಡುವವರು ಇದನ್ನು ಸ್ಟ್ಯಾಬ್ ಅನ್ನುತ್ತಾರೆ. ಗ್ಯಾರಡೋಸ್ ಹಾಕುವ 80ರ ವಾಟರ್‌ಫಾಲ್ 120 ಆಗುತ್ತದೆ. ಅದೇ ಗ್ಯಾರಡೋಸ್ ಹಾಕುವ 100ರ ಅರ್ತ್‌ಕ್ವೇಕ್ 100 ಆಗಿಯೇ ಉಳಿಯುತ್ತದೆ.

ಮೂರನೆಯದು, ಗುರಿ ತಪ್ಪುವ ಸಾಧ್ಯತೆ. ಫೈರ್ ಬ್ಲಾಸ್ಟ್ ಪವರ್ 110, ಆದರೆ ನೂರರಲ್ಲಿ 85 ಸಲ ಮಾತ್ರ ತಾಗುತ್ತದೆ, ಶುರುವಿಗೆ ಐದು ಸಲ ಮಾತ್ರ ಬಳಸಬಹುದು. ಫ್ಲೇಮ್‌ಥ್ರೋವರ್ ಪವರ್ 90, ಸಾಮಾನ್ಯವಾಗಿ ತಪ್ಪುವುದೇ ಇಲ್ಲ, 15 ಸಲ ಬಳಸಬಹುದು. ನಾನು ಹೊಸಬರಿಗೆ ಯಾವಾಗಲೂ ಎರಡನೆಯದನ್ನೇ ಹೇಳುತ್ತೇನೆ. ನಿರ್ಣಾಯಕ ಹೊತ್ತಿನಲ್ಲಿ ಗುರಿ ತಪ್ಪಿದರೆ ಆ 20 ಪವರ್ ಯಾವ ಉಪಯೋಗಕ್ಕೂ ಬರುವುದಿಲ್ಲ ಅಲ್ವಾ?

ಈಗ ಗ್ಯಾರಡೋಸ್‌ಗೆ ನಾಲ್ಕು ಆರಿಸೋಣ. ಅದರ ಕೆಲಸ: ಒಂದು ಸರದಿ ತಯಾರಾಗಿ, ಆಮೇಲೆ ಹೊಡೆಯುತ್ತಾ ಹೋಗುವುದು. ಹಾಗಾದರೆ ಮೊದಲು ಡ್ರಾಗನ್ ಡ್ಯಾನ್ಸ್, ಅದರಿಂದ ಅಟ್ಯಾಕ್ ಮತ್ತು ಸ್ಪೀಡ್ ಎರಡೂ ಒಂದೂವರೆ ಪಟ್ಟಾಗುತ್ತವೆ. ಎರಡನೆಯದು ವಾಟರ್‌ಫಾಲ್, ಅದರ ಮುಖ್ಯ ಏಟು. ಮೂರನೆಯದು ಅರ್ತ್‌ಕ್ವೇಕ್. ಎಲೆಕ್ಟ್ರಿಕ್ ಪೋಕೆಮಾನ್‌ಗಳು ಗ್ಯಾರಡೋಸ್‌ಗೆ ದೊಡ್ಡ ಶತ್ರು, ಅವಕ್ಕೆ ಗ್ರೌಂಡ್ ಎರಡು ಪಟ್ಟು ತಾಗುತ್ತದೆ. ನಾಲ್ಕನೆಯದು ಐಸ್ ಫ್ಯಾಂಗ್. ವಾಟರ್ ಮೂವ್ ಸರಿಯಾಗಿ ತಾಗದ ಗ್ರಾಸ್ ಮತ್ತು ಡ್ರಾಗನ್ ಟೈಪ್‌ಗಳಿಗೆ ಅದು. ನೋಡಿ, ಒಂದೊಂದು ಮೂವ್‌ಗೂ ಒಂದೊಂದು ಕಾರಣ ಇದೆ. ನಿಮ್ಮ ಪೋಕೆಮಾನ್‌ನ ನಾಲ್ಕು ಮೂವ್‌ಗಳಿಗೂ ಹೀಗೆ ಕಾರಣ ಹೇಳಲು ಬರಬೇಕು. ಒಂದೇ ಟೈಪ್‌ನ ಎರಡು ಏಟು ಇದ್ದರೆ ಒಂದನ್ನು ತೆಗೆಯಿರಿ.

ತೆಗೆದದ್ದು ಮತ್ತೆ ಬೇಕಾದರೆ? ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಮರೆತ ಮೂವ್‌ಗಳನ್ನು ಪೋಕೆಮಾನ್‌ನ ವಿವರದ ಪುಟದಿಂದಲೇ ನೆನಪಿಸಬಹುದು, ಖರ್ಚಿಲ್ಲ. ಹಾಗಾಗಿ ಧೈರ್ಯವಾಗಿ ಬದಲಾಯಿಸಿ ನೋಡಿ.

ನೇಚರ್: ಹತ್ತು ಪರ್ಸೆಂಟ್ ಮೇಲೆ, ಹತ್ತು ಪರ್ಸೆಂಟ್ ಕೆಳಗೆ

ನೇಚರ್‌ಗಳು ಒಟ್ಟು 25. ಅದರಲ್ಲಿ 20 ನೇಚರ್‌ಗಳು ಒಂದು ಸ್ಟ್ಯಾಟನ್ನು 10 ಪರ್ಸೆಂಟ್ ಏರಿಸಿ ಇನ್ನೊಂದನ್ನು 10 ಪರ್ಸೆಂಟ್ ಇಳಿಸುತ್ತವೆ. ಉಳಿದ ಐದರಿಂದ ವ್ಯತ್ಯಾಸ ಇಲ್ಲ. ಎಚ್‌ಪಿಗೆ ನೇಚರ್ ತಾಗುವುದಿಲ್ಲ.

ಎಲ್ಲ 25 ನೆನಪಿಡಬೇಕಿಲ್ಲ, ನಾಲ್ಕು ಸಾಕು. ಫಿಸಿಕಲ್ ಆಗಿ ಹೊಡೆಯುವುದಕ್ಕೆ ಆಡಮಂಟ್ ಅಥವಾ ಜಾಲಿ. ಆಡಮಂಟ್ ಅಟ್ಯಾಕ್ ಏರಿಸುತ್ತದೆ, ಜಾಲಿ ಸ್ಪೀಡ್ ಏರಿಸುತ್ತದೆ, ಎರಡೂ ಬೇಡದ ಸ್ಪೆಷಲ್ ಅಟ್ಯಾಕನ್ನು ಇಳಿಸುತ್ತವೆ. ಸ್ಪೆಷಲ್ ಆಗಿ ಹೊಡೆಯುವುದಕ್ಕೆ ಮಾಡೆಸ್ಟ್ ಅಥವಾ ಟಿಮಿಡ್. ಮಾಡೆಸ್ಟ್ ಸ್ಪೆಷಲ್ ಅಟ್ಯಾಕ್ ಏರಿಸುತ್ತದೆ, ಟಿಮಿಡ್ ಸ್ಪೀಡ್ ಏರಿಸುತ್ತದೆ, ಎರಡೂ ಅಟ್ಯಾಕ್ ಇಳಿಸುತ್ತವೆ. ನಿಯಮ ಸರಳ: ಕೆಲಸಕ್ಕೆ ಬೇಕಾದದ್ದು ಏರಲಿ, ಕೆಲಸಕ್ಕೆ ಬಾರದ್ದು ಇಳಿಯಲಿ.

ಶಕ್ತಿಯೋ ವೇಗವೋ ಅನ್ನುವ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಹುಡುಕಬಹುದು. ಪೂರ್ತಿ ತರಬೇತಿ ಪಡೆದ ಲೆವೆಲ್ 50ರ ಆಡಮಂಟ್ ಗ್ಯಾರಡೋಸ್‌ನ ಅಟ್ಯಾಕ್ 194, ಸ್ಪೀಡ್ 133. ಜಾಲಿ ಆದರೆ ಅಟ್ಯಾಕ್ 177, ಸ್ಪೀಡ್ 146. ಒಂದು ಡ್ರಾಗನ್ ಡ್ಯಾನ್ಸ್ ಆದ ಮೇಲೆ ಆಡಮಂಟ್‌ನ ಸ್ಪೀಡ್ 199 ಆಗುತ್ತದೆ, ಜಾಲಿಯದ್ದು 219. ಲೆವೆಲ್ 50ರ ಗಾರ್ಚಾಂಪ್‌ನ ಗರಿಷ್ಠ ಸ್ಪೀಡ್ 169. ಅದನ್ನು ಹಿಂದೆ ಹಾಕಲು ಆಡಮಂಟೇ ಸಾಕು, ಏಟೂ ಜಾಸ್ತಿ. ಆದರೆ ಫ್ಲಟರ್ ಮೇನ್‌ನ ಗರಿಷ್ಠ ಸ್ಪೀಡ್ 205. ಅದಕ್ಕಿಂತ ಮೊದಲು ಹೊಡೆಯಬೇಕಾದರೆ ಜಾಲಿಯೇ ಬೇಕು. ನಿಮಗೆ ಯಾರು ಎದುರಾಗುತ್ತಾರೆ ಅನ್ನುವುದರ ಮೇಲೆ ತೀರ್ಮಾನ. ಇಂಥ ಲೆಕ್ಕ ಹಾಕುವುದರಲ್ಲಿ ಒಂದು ಬೇರೆಯೇ ಸೊಗಸು ಇದೆ.

ಇಷ್ಟದ ಪೋಕೆಮಾನ್‌ಗೆ ಬೇಡದ ನೇಚರ್ ಇದ್ದರೆ ಅದನ್ನು ಬಿಟ್ಟುಬಿಡಬೇಡಿ. ಮಿಂಟ್ ಅನ್ನುವ ಐಟಂ ಇದೆ. ಆಡಮಂಟ್ ಮಿಂಟ್ ಕೊಟ್ಟರೆ ಸ್ಟ್ಯಾಟ್‌ಗಳು ಆಡಮಂಟ್‌ನಂತೆ ಬದಲಾಗುತ್ತವೆ. ಬರೆದಿರುವ ನೇಚರ್‌ನ ಹೆಸರು ಮಾತ್ರ ಹಳೆಯದೇ ಉಳಿಯುತ್ತದೆ.

ಈವಿ: ತರಬೇತಿಯ ತಿರುಳು

ಮೇಲೆ ಹೇಳಿದ 194 ಮತ್ತು 130ರ ಅಂತರದಲ್ಲಿ ಸುಮಾರು ಅರ್ಧ ಪಾಲು ಇದರದ್ದು, ಉಳಿದದ್ದು ನೇಚರ್‌ನದ್ದು. ಪ್ರತಿ ಪೋಕೆಮಾನನ್ನು ಸೋಲಿಸಿದಾಗ ಎಕ್ಸ್‌ಪಿ ಜೊತೆಗೆ ಕಣ್ಣಿಗೆ ಕಾಣದ ತರಬೇತಿ ಅಂಕಗಳು ಸಿಗುತ್ತವೆ. ಅವೇ ಈವಿ. ಯಾವ ಸ್ಟ್ಯಾಟ್‌ಗೆ ಸಿಗುತ್ತದೆ ಅನ್ನುವುದು ಸೋತ ಜಾತಿಯ ಮೇಲೆ ಹೋಗುತ್ತದೆ. ಫ್ಲೆಚ್‌ಲಿಂಗ್ ಸೋಲಿಸಿದರೆ ಸ್ಪೀಡ್‌ಗೆ 1. ಶಿಂಕ್ಸ್ ಆದರೆ ಅಟ್ಯಾಕ್‌ಗೆ 1. ಲೆಚಾಂಕ್ ಎಚ್‌ಪಿಗೆ, ಟರೌಂಟುಲಾ ಡಿಫೆನ್ಸ್‌ಗೆ, ಗ್ಯಾಸ್ಟ್‌ಲಿ ಸ್ಪೆಷಲ್ ಅಟ್ಯಾಕ್‌ಗೆ, ಹಾಪಿಪ್ ಸ್ಪೆಷಲ್ ಡಿಫೆನ್ಸ್‌ಗೆ.

ಮಿತಿ ಇದೆ. ಒಂದು ಸ್ಟ್ಯಾಟ್‌ಗೆ ಹೆಚ್ಚೆಂದರೆ 252, ಆರಕ್ಕೂ ಸೇರಿ 510. ಲೆವೆಲ್ 100ರಲ್ಲಿ ನಾಲ್ಕು ಈವಿಗೆ ಒಂದು ಸ್ಟ್ಯಾಟ್ ಅಂಕ. ಅಂದರೆ ಒಂದರಲ್ಲಿ 252 ತುಂಬಿದರೆ 63 ಅಂಕ ಜಾಸ್ತಿ. 510ರಲ್ಲಿ ಎರಡು ಸ್ಟ್ಯಾಟ್ ಪೂರ್ತಿ ತುಂಬಿ ಸ್ವಲ್ಪ ಉಳಿಯುತ್ತದೆ. ಹಾಗಾಗಿ ಕೆಲಸಕ್ಕೆ ಬೇಕಾದ ಎರಡು ಸ್ಟ್ಯಾಟ್ ಆರಿಸಿ ತಲಾ 252 ಹಾಕುವುದು ರೂಢಿ. ಗ್ಯಾರಡೋಸ್‌ಗೆ ಅಟ್ಯಾಕ್ ಮತ್ತು ಸ್ಪೀಡ್. ಗೆಂಗಾರ್‌ಗೆ ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೀಡ್. ಬ್ಲಿಸ್ಸಿಯ ಡಿಫೆನ್ಸ್ ತೀರಾ ಕಡಿಮೆ, ಅದಕ್ಕೇ ಅಲ್ಲಿ 252 ಹಾಕುವವರು ಹೆಚ್ಚು. ಎಲ್ಲ ಆರಕ್ಕೂ ಸಮನಾಗಿ ಹಂಚಿದರೆ ಯಾವ ಕೆಲಸಕ್ಕೂ ಪೂರ್ತಿ ಆಗದ ಪೋಕೆಮಾನ್ ಸಿಗುತ್ತದೆ.

ಕಥೆ ಮುಗಿಯುವ ತನಕ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಪಾರ್ಟಿಯಲ್ಲಿರುವ ಎಲ್ಲಕ್ಕೂ ಎಕ್ಸ್‌ಪಿ ಸಿಗುವ ಹಾಗೆ ಈವಿಯೂ ಸಿಗುತ್ತದೆ. ಆದ್ದರಿಂದ ಕಥೆಯಲ್ಲಿ ಬೆಳೆದವುಗಳಲ್ಲಿ ಕಲಸುಮೇಲೋಗರ ಆಗಿರುತ್ತದೆ. ಅದನ್ನು ಆಮೇಲೆ ಸರಿ ಮಾಡಬಹುದು. ಪೊಮೆಗ್, ಕೆಲ್ಪ್ಸಿ, ಟಮಾಟೊ ಮುಂತಾದ ಆರು ಬೆರ್ರಿಗಳಿವೆ. ಒಂದೊಂದು ಒಂದು ಸ್ಟ್ಯಾಟ್‌ನಿಂದ 10 ಈವಿ ತೆಗೆಯುತ್ತದೆ. ಜೊತೆಗೆ ಪೋಕೆಮಾನ್‌ಗೆ ನಿಮ್ಮ ಮೇಲಿನ ಪ್ರೀತಿಯೂ ಹೆಚ್ಚುತ್ತದೆ.

ತುಂಬುವುದಕ್ಕೆ ಎರಡು ದಾರಿ. ದುಡ್ಡಿದ್ದರೆ ವಿಟಮಿನ್ ಕೊಳ್ಳಿ. ಅಟ್ಯಾಕ್‌ಗೆ ಪ್ರೋಟೀನ್, ಸ್ಪೀಡ್‌ಗೆ ಕಾರ್ಬೋಸ್, ಸ್ಪೆಷಲ್ ಅಟ್ಯಾಕ್‌ಗೆ ಕ್ಯಾಲ್ಸಿಯಂ, ಡಿಫೆನ್ಸ್‌ಗೆ ಐರನ್, ಸ್ಪೆಷಲ್ ಡಿಫೆನ್ಸ್‌ಗೆ ಜಿಂಕ್, ಎಚ್‌ಪಿಗೆ ಎಚ್‌ಪಿ ಅಪ್. ಒಂದು ಬಾಟಲಿಗೆ 10 ಈವಿ, ಆಟದ ದುಡ್ಡಿನಲ್ಲಿ ಬೆಲೆ 10,000. ಒಂದು ಸ್ಟ್ಯಾಟ್ ತುಂಬಲು 26 ಬಾಟಲಿ, ಅಂದರೆ 2,60,000. ಕಥೆ ಮುಗಿದ ಮೇಲೆ ಶಾಲೆಯಲ್ಲಿ ನಡೆಯುವ ಅಕಾಡೆಮಿ ಏಸ್ ಟೂರ್ನಮೆಂಟ್‌ನಲ್ಲಿ ಗೆಲ್ಲುತ್ತಾ ಹೋದರೆ ಈ ದುಡ್ಡು ಕಷ್ಟವಲ್ಲ. ಅಮ್ಯುಲೆಟ್ ಕಾಯಿನ್ ಹಿಡಿಸಿದ ಪೋಕೆಮಾನನ್ನು ಬ್ಯಾಟಲ್‌ಗೆ ಇಳಿಸಿದರೆ ಬಹುಮಾನದ ದುಡ್ಡು ಎರಡು ಪಟ್ಟು.

ದುಡ್ಡಿಲ್ಲದಿದ್ದರೆ ಪವರ್ ಐಟಂಗಳಿವೆ. ಪವರ್ ಬ್ರೇಸರ್ ಹಿಡಿದಿರುವ ಪೋಕೆಮಾನ್‌ಗೆ ಪ್ರತಿ ಗೆಲುವಿಗೂ ಅಟ್ಯಾಕ್‌ನಲ್ಲಿ 8 ಈವಿ ಹೆಚ್ಚಿಗೆ. ಸ್ಪೀಡ್‌ಗೆ ಪವರ್ ಆಂಕ್ಲೆಟ್. ಶಿಂಕ್ಸ್ ಕೊಡುವ 1 ಮತ್ತು ಬ್ರೇಸರ್ ಕೊಡುವ 8 ಸೇರಿದರೆ ಒಂದು ಗೆಲುವಿಗೆ 9. ಇಪ್ಪತ್ತೆಂಟು ಶಿಂಕ್ಸ್ ಸೋಲಿಸಿದರೆ ಸರಿಯಾಗಿ 252. ನನಗೆ ಈ ದಾರಿಯೇ ಇಷ್ಟ. ಆ ಪೋಕೆಮಾನನ್ನು ಬಳಸಿ ಬಳಸಿ ಅದರ ಕೈಗುಣ ಗೊತ್ತಾಗುತ್ತದೆ.

ಎಷ್ಟು ತುಂಬಿದೆ ಅಂತ ನೋಡಲು ಸ್ಟ್ಯಾಟ್ ಪುಟದಲ್ಲಿ ಎಲ್ ಬಟನ್ ಒತ್ತಿ. ಪೂರ್ತಿ ತುಂಬಿದ ಸ್ಟ್ಯಾಟ್‌ನ ಪಕ್ಕ ಮಿಂಚು ಕಾಣುತ್ತದೆ.

ಕ್ಯಾಂಡಿ ಉಳಿಸಿ ಅಂದದ್ದು ಇದಕ್ಕೇ. ಕ್ಯಾಂಡಿ ತಿಂದರೆ ಲೆವೆಲ್ ಏರುತ್ತದೆ, ಈವಿ ಒಂದೂ ಸೇರುವುದಿಲ್ಲ. ಹೊಸದಾಗಿ ಹಿಡಿದ ಅಥವಾ ಮೊಟ್ಟೆಯಿಂದ ಬಂದ ಪೋಕೆಮಾನ್‌ಗೆ ಮೊದಲು ಬೇಕಾದ ಈವಿ ಪೂರ್ತಿ ತುಂಬಿ, ಆಮೇಲೆ ಕ್ಯಾಂಡಿ ಕೊಟ್ಟು 50ಕ್ಕೆ ತನ್ನಿ. ಬೇಡದ ಈವಿ ಒಳಗೆ ಬರಲು ಜಾಗವೇ ಇರುವುದಿಲ್ಲ.

ಹುಟ್ಟಿನಿಂದ ಬಂದದ್ದು

ಪ್ರತಿ ಸ್ಟ್ಯಾಟ್‌ಗೂ ಹುಟ್ಟಿನಿಂದ 0ಯಿಂದ 31ರ ತನಕ ಒಂದು ಅಂಕ ಬಂದಿರುತ್ತದೆ. ಅದು ಐವಿ. ಲೆವೆಲ್ 50ರಲ್ಲಿ 0ಗೂ 31ಕ್ಕೂ ಇರುವ ಅಂತರ ಸುಮಾರು 15 ಅಂಕ. ಈವಿ ಪೂರ್ತಿ ತುಂಬಿದರೆ ಸಿಗುವುದು 31, 32. ಯಾವುದರ ಹಿಂದೆ ಮೊದಲು ಹೋಗಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ. ಐವಿ ಕಡಿಮೆ ಇದ್ದರೂ ಲೆವೆಲ್ 50 ಆದ ಮೇಲೆ ಮಾಂಟೆನೆವೆರಾ ಊರಿನಲ್ಲಿ ಬಾಟಲ್ ಕ್ಯಾಪ್ ಅನ್ನುವ ಐಟಂ ಕೊಟ್ಟು ಹೈಪರ್ ಟ್ರೇನಿಂಗ್ ಮಾಡಿಸಿದರೆ ಆ ಸ್ಟ್ಯಾಟ್ 31 ಇದ್ದಂತೆಯೇ ಆಗುತ್ತದೆ. ಕಥೆಯ ಉದ್ದಕ್ಕೂ ಜೊತೆಗಿದ್ದ ಪೋಕೆಮಾನನ್ನು ಐವಿ ಕಡಿಮೆ ಅಂತ ಬಾಕ್ಸ್‌ಗೆ ಹಾಕುವ ಕಾಲ ಹೋಯಿತು.

ಮೊಟ್ಟೆಗಳು

ಶುರುವಿನಿಂದಲೇ ಚೆನ್ನಾಗಿರುವ ಮರಿ ಬೇಕು ಅನ್ನುವವರಿಗೆ ಮೊಟ್ಟೆಯ ದಾರಿ. ಸ್ಕಾರ್ಲೆಟ್ ಮತ್ತು ವೈಲೆಟ್‌ನಲ್ಲಿ ಪಿಕ್‌ನಿಕ್ ಹಾಕಿದಾಗ ಹೊಂದುವ ಜೋಡಿ ಪಾರ್ಟಿಯಲ್ಲಿದ್ದರೆ ಬುಟ್ಟಿಯಲ್ಲಿ ಮೊಟ್ಟೆ ಬರುತ್ತದೆ. ಮರಿ ತಾಯಿಯ ಜಾತಿಯದ್ದು. ಡಿಟ್ಟೊ ಇದ್ದರೆ ಬಹುತೇಕ ಎಲ್ಲದರ ಜೊತೆಗೂ ಹೊಂದುತ್ತದೆ, ಹಾಗಾಗಿ ಒಳ್ಳೆಯ ಐವಿ ಇರುವ ಡಿಟ್ಟೊ ಸಿಕ್ಕರೆ ಜೋಪಾನವಾಗಿ ಇಟ್ಟುಕೊಳ್ಳಿ.

ಎರಡು ಐಟಂ ಮುಖ್ಯ. ಎವರ್‌ಸ್ಟೋನ್ ಹಿಡಿದವರ ನೇಚರ್ ಮರಿಗೆ ಬರುತ್ತದೆ. ಡೆಸ್ಟಿನಿ ನಾಟ್ ಒಬ್ಬರ ಬಳಿ ಇದ್ದರೆ ಅಪ್ಪ ಅಮ್ಮನ 12 ಐವಿಗಳಲ್ಲಿ ಐದು ಮರಿಗೆ ಬರುತ್ತವೆ, ಇಲ್ಲದಿದ್ದರೆ ಮೂರೇ. ಮಿಂಟ್‌ನಿಂದ ಬದಲಾಯಿಸಿದ ನೇಚರ್ ಮತ್ತು ಹೈಪರ್ ಟ್ರೇನಿಂಗ್‌ನ ಫಲ ಮಾತ್ರ ಮರಿಗೆ ಬರುವುದಿಲ್ಲ. ಒಡೆಸುವಾಗ ಪಾರ್ಟಿಯಲ್ಲಿ ಫ್ಲೇಮ್ ಬಾಡಿ ಎಬಿಲಿಟಿ ಇರುವುದೊಂದು ಇದ್ದರೆ ನಡೆಯಬೇಕಾದ ದೂರ ಅರ್ಧ ಆಗುತ್ತದೆ. ಫ್ಲೆಚ್‌ಲಿಂಗ್ ಎವಾಲ್ವ್ ಆಗಿ ಫ್ಲೆಚಿಂಡರ್ ಆದಾಗ ಸಾಮಾನ್ಯವಾಗಿ ಈ ಎಬಿಲಿಟಿಯೇ ಸಿಗುತ್ತದೆ.

ಶೈನಿ ಬೇಕು ಅನ್ನುವವರಿಗೂ ಇದೇ ಒಳ್ಳೆಯ ದಾರಿ. ಮಾಮೂಲಿಗೆ 4096ಕ್ಕೆ ಒಂದು ಶೈನಿ. ಜೋಡಿಯಲ್ಲಿ ಒಂದೊಂದು ಬೇರೆ ಬೇರೆ ಭಾಷೆಯ ಆಟದಿಂದ ಬಂದಿದ್ದರೆ ಅದು 683ಕ್ಕೆ ಒಂದು. ಬಣ್ಣ ಬೇರೆ ಅಷ್ಟೇ, ಶಕ್ತಿ ಜಾಸ್ತಿ ಇರುವುದಿಲ್ಲ.

ಕೊನೆಗೆ ಎಬಿಲಿಟಿ ಮತ್ತು ಐಟಂ

ಗ್ಯಾರಡೋಸ್‌ನ ಇಂಟಿಮಿಡೇಟ್ ಎಬಿಲಿಟಿ ಬ್ಯಾಟಲ್‌ಗೆ ಇಳಿದ ತಕ್ಷಣ ಎದುರಾಳಿಯ ಅಟ್ಯಾಕ್ ಇಳಿಸುತ್ತದೆ. ಅದರ ಹಿಡನ್ ಎಬಿಲಿಟಿ (ಅಪರೂಪಕ್ಕೆ ಸಿಗುವ ಎಬಿಲಿಟಿ) ಮಾಕ್ಸಿ, ಎದುರಾಳಿಯನ್ನು ಮಲಗಿಸಿದಾಗಲೆಲ್ಲ ಅಟ್ಯಾಕ್ ಏರುತ್ತದೆ. ತಂಡಕ್ಕೆ ನೆರವು ಬೇಕಾದರೆ ಮೊದಲನೆಯದು, ಅದೊಂದೇ ನುಗ್ಗಿ ಗೆಲ್ಲಬೇಕಾದರೆ ಎರಡನೆಯದು. ಹಿಡನ್ ಎಬಿಲಿಟಿಗೆ ಬದಲಾಯಿಸಲು ಎಬಿಲಿಟಿ ಪ್ಯಾಚ್ ಬೇಕು, ಎಬಿಲಿಟಿ ಕ್ಯಾಪ್ಸೂಲ್‌ನಿಂದ ಆಗುವುದಿಲ್ಲ.

ಐಟಂ ಕೈಯಲ್ಲಿ ಇಲ್ಲದೆ ಯಾವುದನ್ನೂ ಬ್ಯಾಟಲ್‌ಗೆ ಇಳಿಸಬೇಡಿ. ಏಟು ತಡೆಯುವುದಕ್ಕೆ ಲೆಫ್ಟೋವರ್ಸ್, ಪ್ರತಿ ಸರದಿಗೂ ಎಚ್‌ಪಿಯ ಹದಿನಾರನೇ ಒಂದು ಭಾಗ ವಾಪಸ್ ಬರುತ್ತದೆ. ಹೊಡೆಯುವುದಕ್ಕೆ ಲೈಫ್ ಆರ್ಬ್, ಏಟು 30 ಪರ್ಸೆಂಟ್ ಜಾಸ್ತಿ, ಬದಲಿಗೆ ಸ್ವಲ್ಪ ಎಚ್‌ಪಿ ಹೋಗುತ್ತದೆ. ಮೈ ಗಟ್ಟಿ ಇಲ್ಲದ ಗೆಂಗಾರ್‌ನಂಥದ್ದಕ್ಕೆ ಫೋಕಸ್ ಸ್ಯಾಶ್. ಎಚ್‌ಪಿ ಪೂರ್ತಿ ಇದ್ದಾಗ ಎಷ್ಟೇ ದೊಡ್ಡ ಏಟು ಬಿದ್ದರೂ 1 ಎಚ್‌ಪಿ ಉಳಿಸಿಕೊಂಡು ತಿರುಗಿ ಹೊಡೆಯುತ್ತದೆ.

ಇಷ್ಟಾದ ಮೇಲೆ ಲೆವೆಲ್ 100ಕ್ಕೆ ಏರಿಸಬೇಕಾ ಅನ್ನುವ ಪ್ರಶ್ನೆ ಉಳಿಯುತ್ತದೆ. ಅತಿ ಕಷ್ಟದ ಆರು ಸ್ಟಾರ್, ಏಳು ಸ್ಟಾರ್ ಟೆರಾ ರೇಡ್‌ಗೆ ಹೋಗುವುದಾದರೆ ಹೌದು. ಆನ್‌ಲೈನ್ ರ್‍ಯಾಂಕ್ಡ್ ಬ್ಯಾಟಲ್‌ಗೆ ಬೇಕಿಲ್ಲ, ಅಲ್ಲಿ ಎಲ್ಲ ಪೋಕೆಮಾನ್‌ಗಳನ್ನೂ ಲೆವೆಲ್ 50ಕ್ಕೆ ತಂದು ನಿಲ್ಲಿಸುತ್ತಾರೆ. ಹಾಗಾಗಿ ಮೊದಲು ಈವಿ ತುಂಬಿ, ಆರನ್ನೂ 50ಕ್ಕೆ ತಂದು, ನಾಲ್ಕು ನಾಲ್ಕು ಮೂವ್ ಗಟ್ಟಿ ಮಾಡಿ, ಕೆಲವು ಬ್ಯಾಟಲ್ ಆಡಿ ನೋಡಿ. ಯಾವುದು ನಿಮ್ಮ ಕೈಗೆ ಚೆನ್ನಾಗಿ ಹೊಂದುತ್ತದೋ ಅದಕ್ಕೆ ಉಳಿದ ಕ್ಯಾಂಡಿ ಕೊಡಿ.